ಫಾರ್ಮ್ಯಾಟ್ ಹೊಡೆಸುವ ಮುಂಚೆ ಪರದೆ ಓದಿ

ನಮ್ಮ ಕಡೆ ಕಂಪ್ಯೂಟರ್‌ಗೆ ಯಾವ ಜಡ್ಡು ಬಂದರೂ ಮದ್ದು ಒಂದೇ. ಕೊಪ್ಪಳದಲ್ಲಿ ತೋರಿಸಿ, ಗಂಗಾವತಿಗೆ ಒಯ್ಯಿರಿ, ಕುಷ್ಟಗಿಯಲ್ಲೇ ಯಾರನ್ನಾದರೂ ಕೇಳಿ, ಲ್ಯಾಪ್‌ಟಾಪ್ ಬ್ಯಾಗಿನಿಂದ ಪೂರ್ತಿ ಹೊರಗೆ ಬರುವ ಮೊದಲೇ ‘ಫಾರ್ಮ್ಯಾಟ್ ಹೊಡಿಬೇಕ್ರಿ’ ಎಂಬ ಮಾತು ಬಂದಿರುತ್ತದೆ. ಸ್ಲೋ ಆಗಿದೆಯೇ, ಫಾರ್ಮ್ಯಾಟ್. ಸೌಂಡ್ ಬರುತ್ತಿಲ್ಲವೇ, ಫಾರ್ಮ್ಯಾಟ್. ‘ಒಳಗ ಡಾಟಾ ಏನರ ಐತೇನ್ರಿ?’ ಎಂದು ಕೇಳುವ ಅಂಗಡಿಯವರು ಸಿಕ್ಕರೆ ನಿಮ್ಮ ಅದೃಷ್ಟ. ಲಿನಕ್ಸ್ ಹಾಕಿಕೊಂಡ ಲ್ಯಾಪ್‌ಟಾಪ್‌ನ ಪರದೆ ಕಪ್ಪಾಗಿ ನಿಂತರಂತೂ ಮುಗಿದೇ ಹೋಯಿತು. ‘ಇದನ್ನೆಲ್ಲಾ ಯಾಕ ಹಾಕ್ಕೊಂಡೀರಿ, ತಗದು ವಿಂಡೋಸ್ ಹಾಕ್ತೀನಿ ತಗೋರಿ’ ಎನ್ನುತ್ತಾರೆ.

ನನ್ನ ತಕರಾರು ಅಂಗಡಿಯವರ ಮೇಲೆ ಅಷ್ಟಾಗಿ ಇಲ್ಲ. ಅವರ ಲೆಕ್ಕ ಬೇರೆ, ಮುಂದೆ ಹೇಳುತ್ತೇನೆ. ತಕರಾರು ಇರುವುದು ನಮ್ಮ ಮೇಲೆ. ಬಿಸಿಎ, ಬಿಇ, ಡಿಪ್ಲೊಮಾ ಓದಿ, ರೆಸ್ಯುಮೆಯಲ್ಲಿ ‘ಟ್ರಬಲ್‌ಶೂಟಿಂಗ್ ಸ್ಕಿಲ್ಸ್’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡು, ಪರದೆ ಕಪ್ಪಾದ ಕೂಡಲೇ ಅದೇ ಅಂಗಡಿಯ ಮುಂದೆ ಸರದಿ ನಿಲ್ಲುವವರ ಮೇಲೆ. ಗ್ರಾಫಿಕ್ಸ್ ಡ್ರೈವರ್ ಪ್ಯಾಕೇಜುಗಳು ಒಂದಕ್ಕೊಂದು ಅಡ್ಡ ಬಂದು ಪರದೆ ಕೈಕೊಡುವುದು ಫಾರ್ಮ್ಯಾಟ್‌ನ ಅಗತ್ಯ ಬೀಳುವ ತೊಂದರೆಯೇ ಅಲ್ಲ. ಏನಾಯಿತು, ಯಾವಾಗ ಆಯಿತು, ಯಾವುದು ಯಾವುದಕ್ಕೆ ಅಡ್ಡ ಬಂತು ಎಂದು ಯಂತ್ರವೇ ಬರೆದಿಟ್ಟಿರುತ್ತದೆ. ನಾವು ಓದುವುದಿಲ್ಲ.

ಈ ಮಾತು ಈಗ ಯಾಕೆ ಅಂದರೆ, ಲಿನಕ್ಸ್ ನಮ್ಮೂರುಗಳಿಗೆ ಬರುತ್ತಿರುವುದು ಪ್ರೀತಿಯಿಂದಲ್ಲ, ಬೇರೆ ದಾರಿ ಇಲ್ಲದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೊಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಮ್ಮಲ್ಲಿ ಓಡಾಡುವ ಲ್ಯಾಪ್‌ಟಾಪ್‌ಗಳು ಎಂಥವು? ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣ ಬಳಸಿ ಬಿಟ್ಟದ್ದು, ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್, ಹೆಚ್ಚಿನವು ಆರನೇ ಏಳನೇ ತಲೆಮಾರಿನವು. ಅವುಗಳ ಕೀಬೋರ್ಡ್ ಚೆನ್ನಾಗಿದೆ, ಒಂದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ನಾಲ್ಕು ವರ್ಷ ದುಡಿಯುತ್ತವೆ. ಸೀನಿಯರ್ ಒಬ್ಬರು ಪೆನ್‌ಡ್ರೈವ್ ತಂದು ಉಬುಂಟುನೋ ಮಿಂಟೋ ಹಾಕಿಕೊಡುತ್ತಾರೆ. ಮೊದಲ ತಿಂಗಳು ಎಲ್ಲ ಸುಸೂತ್ರ. ಲ್ಯಾಪ್‌ಟಾಪ್ ಮೇಲೆ ಹಸಿರು ಎನ್‌ವಿಡಿಯಾ ಸ್ಟಿಕ್ಕರ್ ಇದ್ದರೆ ಮಾತ್ರ ಎರಡನೇ ತಿಂಗಳಿಂದ ಕತೆ ಶುರು.

ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್‌ಗೆ ಬೇಕಾದ ಡ್ರೈವರ್‌ನ ಮೂಲ ಸಂಕೇತ ಬಹಿರಂಗವಾಗಿದೆ. ಅದು ಲಿನಕ್ಸ್ ಕರ್ನೆಲ್‌ನ ಒಳಗೇ ಕೂತಿರುತ್ತದೆ, ಕರ್ನೆಲ್ ಬದಲಾದರೆ ಅದೂ ಜೊತೆಗೇ ಬದಲಾಗುತ್ತದೆ. ಎನ್‌ವಿಡಿಯಾ ತನ್ನ ಡ್ರೈವರನ್ನು ಬಹುಕಾಲ ಮುಚ್ಚಿಟ್ಟುಕೊಂಡಿತು. ಹೊರಗಿನಿಂದ ಬಂದು ಕರ್ನೆಲ್‌ಗೆ ಅಂಟಿಕೊಳ್ಳಬೇಕಾದ ಡ್ರೈವರ್ ಅದು. ಕರ್ನೆಲ್‌ನ ಆವೃತ್ತಿ ಬದಲಾದಾಗಲೆಲ್ಲ ಅದನ್ನು ಮತ್ತೆ ಹೊಂದಿಸಬೇಕು. ಇದೇ ಸಿಟ್ಟಿಗೆ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಕ್ಯಾಮೆರಾ ಮುಂದೆಯೇ ಆ ಕಂಪನಿಗೆ ನಡುಬೆರಳು ತೋರಿಸಿದರು. ಸ್ವಯಂಸೇವಕರು ಕಾರ್ಡಿನ ವರ್ತನೆಯನ್ನು ಹೊರಗಿನಿಂದ ಗಮನಿಸಿ ಗಮನಿಸಿ ‘ನೂವೋ’ ಎಂಬ ಮುಕ್ತ ಡ್ರೈವರ್ ಬರೆದರು. ಅದರಿಂದ ಪರದೆ ಬೆಳಗುತ್ತದೆ, ಆದರೆ ಕಾರ್ಡಿನ ಪೂರ್ತಿ ಕಸುವು ಸಿಗುವುದಿಲ್ಲ. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನೆಲ್ ಭಾಗವನ್ನು ಬಹಿರಂಗ ಮಾಡಿತು. ಅದರ ಲಾಭ ಟ್ಯೂರಿಂಗ್ ತಲೆಮಾರು, ಅಂದರೆ 2018ರಿಂದ ಈಚೆಗೆ ಬಂದ ಕಾರ್ಡುಗಳಿಗೆ. ನಮ್ಮ ಸೆಕೆಂಡ್ ಹ್ಯಾಂಡ್‌ಗಳು ಅದಕ್ಕಿಂತ ಹಳೆಯವು. ಹಾಗಾಗಿ ಹಳೇ ಜಂಜಾಟ ನಮ್ಮ ಪಾಲಿಗೆ ಹಾಗೇ ಉಳಿಯಿತು.

ಇನ್ನು ಪ್ಯಾಕೇಜುಗಳ ಜಗಳ. ಗಂಗಾವತಿಯ ರೈಸ್‌ಮಿಲ್‌ನ ಗೋದಾಮು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಯಾವ ಚೀಲ ಯಾವ ರೈತರದ್ದು, ಯಾವ ಸಾಲಿನಲ್ಲಿ ಇಟ್ಟಿದೆ, ಯಾವಾಗ ಬಂತು ಎಂಬುದೆಲ್ಲ ರಿಜಿಸ್ಟರ್‌ನಲ್ಲಿ ಇರುತ್ತದೆ. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಆ ರಿಜಿಸ್ಟರ್ ಇಟ್ಟುಕೊಳ್ಳುವ ಗುಮಾಸ್ತನ ಹೆಸರು ಡಿಪಿಕೆಜಿ. ಯಾವ ಚೀಲ ತರಿಸಬೇಕು, ಅದರ ಜೊತೆ ಇನ್ನೇನು ಬೇಕು ಎಂದು ನಿರ್ಧರಿಸುವ ಮ್ಯಾನೇಜರ್ ಏಪಿಟಿ. ಪ್ರತಿ ಪ್ಯಾಕೇಜಿನ ಮೇಲೂ ಮೂರು ಸಂಗತಿ ಬರೆದಿರುತ್ತದೆ: ನನಗೆ ಯಾರು ಬೇಕು, ನನ್ನ ಜೊತೆ ಯಾರು ಇರಕೂಡದು, ನಾನು ಯಾರ ಜಾಗಕ್ಕೆ ಬಂದವನು. ಎನ್‌ವಿಡಿಯಾದ 470 ಸರಣಿಯ ಡ್ರೈವರ್ ಮತ್ತು 535 ಸರಣಿಯ ಡ್ರೈವರ್ ಒಂದೇ ಯಂತ್ರದಲ್ಲಿ ಒಟ್ಟಿಗೆ ಇರಲಾರವು. ಎರಡೂ ಒಂದೇ ಜಾಗದಲ್ಲಿ ಕೂರಬೇಕಾದವು. ಒಂದನ್ನು ಎಬ್ಬಿಸದೆ ಇನ್ನೊಂದನ್ನು ಕೂರಿಸಲು ಹೋದರೆ ಏಪಿಟಿ ತಡೆಯುತ್ತದೆ. ನಾವು ಅದನ್ನೇ ‘ಎರರ್ ಬಂತು’ ಅನ್ನುತ್ತೇವೆ. ಅದು ನಮ್ಮನ್ನು ಕಾಯುತ್ತಿರುವ ಕಾವಲುಗಾರ. ಅವನನ್ನು ದಾಟಿಹೋಗುವ ದಾರಿ ಹೇಳಿಕೊಡುವ ವಿಡಿಯೊಗಳಿಗೆ ಮಾತ್ರ ಬರಗಾಲವಿಲ್ಲ.

ಯಲಬುರ್ಗಾ ಕಡೆಯ ಗೆಳೆಯನೊಬ್ಬನ ಪ್ರಸಂಗ ಹೇಳುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟ್, ದಾಳಿಂಬೆ ಎಲೆಯ ಫೋಟೊ ನೋಡಿ ರೋಗ ಗುರುತಿಸುವ ಪ್ರೋಗ್ರಾಂ. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಬೆಳೆಯುವವರು ಇದ್ದಾರಾದ್ದರಿಂದ ಫೋಟೊಗಳಿಗೆ ಕೊರತೆ ಇರಲಿಲ್ಲ. ಅವನೇ ತೋಟ ತಿರುಗಿ ಮೊಬೈಲಿನಲ್ಲಿ ತೆಗೆದಿದ್ದ. ಲ್ಯಾಪ್‌ಟಾಪ್‌ನಲ್ಲಿ ಜೀಫೋರ್ಸ್ 940ಎಂಎಕ್ಸ್ ಕಾರ್ಡು, ಉಬುಂಟು 22.04. ಕಾರ್ಡು ಬಳಸಿ ಮಾಡೆಲ್ ಕಲಿಸಬೇಕಾದರೆ ಕೂಡಾ ಎಂಬ ತಂತ್ರಾಂಶ ಬೇಕು, ಅದಕ್ಕೆ ಎನ್‌ವಿಡಿಯಾದ ಅಸಲಿ ಡ್ರೈವರ್ ಬೇಕು. ಪ್ರಾಜೆಕ್ಟ್ ಒಪ್ಪಿಸಲು ಹತ್ತು ದಿನ ಇದ್ದಾಗ ಮುಂಜಾನೆ ಆರಕ್ಕೆ ಫೋನ್ ಮಾಡಿದ: ‘ಅಣ್ಣ, ಅಪ್‌ಡೇಟ್ ಹಚ್ಚಿ ಮಕ್ಕೊಂಡಿದ್ದೆ. ಎದ್ದು ನೋಡಿದ್ರ ಸ್ಕ್ರೀನ್ ಕರ್ರಗ ಆಗೇತಿ. ಮ್ಯಾಲ ಎಡಕ್ಕ ಒಂದ್ ಗೀಟು ಮಿಣಕ್ ಮಿಣಕ್ ಅಂತೈತಿ, ಅಷ್ಟ.’

‘ಹಿಂದಿನ ವಾರ ಏನೇನ್ ಹಾಕಿದಿ?’ ಅಂದೆ.

‘ಏನೂ ಹಾಕಿಲ್ಲಣ್ಣ.’

ಎಲ್ಲರೂ ಹೀಗೇ ಹೇಳುತ್ತಾರೆ. ಸುಳ್ಳು ಹೇಳುವುದಿಲ್ಲ ಪಾಪ, ನಿಜವಾಗಿಯೂ ನೆನಪಿರುವುದಿಲ್ಲ. ಯಂತ್ರಕ್ಕೆ ನೆನಪಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿಸಿದೆ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುವ ಅಕ್ಷರಗಳು ಬಂದವು. ಇಲ್ಲಿಗೇ ಅರ್ಧ ಭಯ ಹೋಗಬೇಕು. ಯಂತ್ರ ಸತ್ತಿಲ್ಲ, ಚಿತ್ರ ತೋರಿಸುವ ಭಾಗ ಮಾತ್ರ ಎದ್ದಿಲ್ಲ. ಹೆಸರು, ಪಾಸ್‌ವರ್ಡ್ ಹೊಡೆದು ಒಳಗೆ ಹೋದ ಮೇಲೆ ‘ವಾರ್’ ಫೋಲ್ಡರ್‌ನ ‘ಲಾಗ್’ ಒಳಗೆ ‘ಏಪಿಟಿ’, ಅದರಲ್ಲಿ ‘ಹಿಸ್ಟರಿ ಡಾಟ್ ಲಾಗ್’ ಎಂಬ ಕಡತ ತೆರೆಸಿದೆ. ಅದು ಏಪಿಟಿಯ ದಿನಚರಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡ್ ಕೊಟ್ಟು ಏನನ್ನು ಹಾಕಿದರು, ಏನನ್ನು ತೆಗೆದರು ಎಲ್ಲವೂ ಸಾಲಾಗಿ ಇರುತ್ತದೆ. ಅವನು ಫೋನಿನಲ್ಲಿ ಓದುತ್ತಾ ಹೋದ, ನಾನು ಕಾಗದದ ಮೇಲೆ ಬರೆದುಕೊಂಡೆ.

ಮೊದಲು ಉಬುಂಟುನ ಸ್ವಂತ ಭಂಡಾರದಿಂದ 470 ಹಾಕಿದ್ದ, ಅದು ಸರಿಯಾಗಿಯೇ ಇತ್ತು. ನಾಲ್ಕು ದಿನ ಬಿಟ್ಟು ಒಂದು ವಿಡಿಯೊ ನೋಡಿ ಎನ್‌ವಿಡಿಯಾದ ಕೂಡಾ ಭಂಡಾರವನ್ನು ಸೇರಿಸಿ ಹೊಸ ಆವೃತ್ತಿ ಹಾಕಲು ಹೋಗಿದ್ದ. ಎರಡು ಭಂಡಾರಗಳ ಪ್ಯಾಕೇಜುಗಳ ಹೆಸರು ಹೆಚ್ಚುಕಡಿಮೆ ಒಂದೇ, ಒಳಗಿನ ಹೊಂದಾಣಿಕೆ ಬೇರೆ. ಏಪಿಟಿ ತಡೆಯಿತು. ಅದೇ ರಾತ್ರಿ ಇನ್ನೊಂದು ವಿಡಿಯೊ ಹೇಳಿದಂತೆ ಎನ್‌ವಿಡಿಯಾ ತಾಣದಿಂದ ‘ಡಾಟ್ ರನ್’ ಎಂದು ಕೊನೆಯಾಗುವ ಕಡತ ಇಳಿಸಿ ನೇರವಾಗಿ ಓಡಿಸಿದ್ದ. ಇದು ದಿನಚರಿಯಲ್ಲಿ ಇರಲಿಲ್ಲ, ಕೇಳಿ ಕೇಳಿ ಬಾಯಿ ಬಿಡಿಸಬೇಕಾಯಿತು. ಯಾಕೆ ಇರಲಿಲ್ಲ ಎಂದರೆ ಡಾಟ್ ರನ್ ಕಡತ ಡಿಪಿಕೆಜಿಯ ರಿಜಿಸ್ಟರ್‌ಗೆ ತಿಳಿಸದೆ ಕಡತಗಳನ್ನು ಇಟ್ಟುಹೋಗುತ್ತದೆ. ಗೋದಾಮಿನ ಹಿಂಬಾಗಿಲಿನಿಂದ ಚೀಲ ತಂದು ಬೇರೆಯವರ ಸಾಲಿನಲ್ಲಿ ಒಟ್ಟಿದ ಹಾಗೆ. ಎರಡು ದಿನ ಎಲ್ಲ ಓಡಿತು. ಮೂರನೇ ದಿನ ರಾತ್ರಿ ಹೊಸ ಕರ್ನೆಲ್ ಬಂತು. ಹಿಂಬಾಗಿಲಿನಿಂದ ಬಂದ ಡ್ರೈವರ್‌ಗೆ ಹೊಸ ಕರ್ನೆಲ್‌ಗೆ ಹೊಂದಿಕೊಳ್ಳಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಪರದೆ ಕಪ್ಪು.

ಕಾರಣ ಇಷ್ಟು ಸ್ಪಷ್ಟವಾದ ಮೇಲೆ ಪರಿಹಾರ ಬೇರೆ ಹುಡುಕಬೇಕಾಗಿಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಕೊನೆಗೆ ಬಂದವನನ್ನು ಮೊದಲು ಕಳಿಸುವುದು. ಡಾಟ್ ರನ್ ಹಾಕಿದ್ದಕ್ಕೆ ಅದರದೇ ‘ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ ಕಮಾಂಡ್ ಇದೆ, ಅದನ್ನು ಓಡಿಸಿದೆವು. ಆಮೇಲೆ ಎನ್‌ವಿಡಿಯಾ ಹೆಸರಿನ ಪ್ಯಾಕೇಜುಗಳನ್ನೆಲ್ಲ ಡಿಪಿಕೆಜಿಯಿಂದ ಪಟ್ಟಿ ಮಾಡಿಸಿ, ಏಪಿಟಿಯ ‘ಪರ್ಜ್’ನಿಂದ ಬುಡಸಮೇತ ತೆಗೆಸಿದೆವು. ಸೇರಿಸಿದ್ದ ಹೊರಗಿನ ಭಂಡಾರದ ಕಡತವನ್ನು ಪಟ್ಟಿಯಿಂದ ಆಚೆ ಇಟ್ಟೆವು. ರೀಸ್ಟಾರ್ಟ್ ಮಾಡಿದರೆ ಡೆಸ್ಕ್‌ಟಾಪ್ ಬಂತು! ಎನ್‌ವಿಡಿಯಾ ಪೂರ್ತಿ ಹೋದ ಮೇಲೂ ಪರದೆ ಹೇಗೆ ಬಂತು ಎಂದು ಅವನಿಗೆ ಆಶ್ಚರ್ಯ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಎರಡು ಇರುತ್ತವೆ, ದಿನನಿತ್ಯದ ಕೆಲಸಕ್ಕೆ ಪ್ರೊಸೆಸರ್ ಒಳಗಿನ ಇಂಟೆಲ್, ಭಾರದ ಕೆಲಸಕ್ಕೆ ಎನ್‌ವಿಡಿಯಾ. ನಡುವೆ ಅಡ್ಡಗಟ್ಟಿದವರು ಸರಿದರೆ ಇಂಟೆಲ್ ತನ್ನ ಪಾಡಿಗೆ ಚಿತ್ರ ತೋರಿಸುತ್ತದೆ. ನನ್ನ ಕಿರಿಯರಿಗೆಲ್ಲ ಇದೊಂದನ್ನು ಒತ್ತಿ ಹೇಳುತ್ತೇನೆ: ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಯಾ ಡ್ರೈವರ್ ತೆಗೆಯಲು ಹೆದರಬೇಡಿ, ಹಾಕುವಾಗ ಹೆದರಿ.

ಕೊನೆಗೆ ಕರ್ನೆಲ್‌ನ ‘ಹೆಡರ್ಸ್’ ಪ್ಯಾಕೇಜ್ ಇದೆಯೇ ಎಂದು ನೋಡಿ, ಉಬುಂಟು ತಾನೇ ಶಿಫಾರಸು ಮಾಡುವ ಡ್ರೈವರನ್ನು ‘ಅಡಿಷನಲ್ ಡ್ರೈವರ್ಸ್’ ಕಿಟಕಿಯಿಂದಲೇ ಹಾಕಿದ. ಈ ದಾರಿಯಲ್ಲಿ ಬಂದ ಡ್ರೈವರ್ ವಿಷಯದಲ್ಲಿ ಹೊಸ ಕರ್ನೆಲ್ ಬಂದಾಗ ಹೊಂದಿಸುವ ಜವಾಬ್ದಾರಿ ಉಬುಂಟುನದು. ಒಟ್ಟು ಹಿಡಿದಿದ್ದು ಎರಡು ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ಡೌನ್‌ಲೋಡ್‌ಗೆ. ಮೊಬೈಲ್‌ನ ಯುಎಸ್‌ಬಿ ಕೇಬಲ್ ಹಚ್ಚಿ ಟೆದರಿಂಗ್ ಮಾಡಿದ್ದು. ದಿನದ ಡೇಟಾ ಪ್ಯಾಕ್ ಬಹುತೇಕ ಅಲ್ಲಿಗೇ ಮುಗಿಯಿತು. ದಾಳಿಂಬೆ ಎಲೆಯ ಫೋಟೊಗಳಲ್ಲಿ ಒಂದೂ ಹೋಗಲಿಲ್ಲ. ಹಿಂದಿನ ರಾತ್ರಿಯೇ ಅಂಗಡಿಗೆ ಒಯ್ದಿದ್ದರೆ ಅವೆಲ್ಲ ಹೋಗಿರುತ್ತಿದ್ದವು. ಮಳೆಗಾಲ ಮುಗಿದಿತ್ತು, ಆ ರೋಗದ ಎಲೆಗಳು ಮತ್ತೆ ಸಿಗಬೇಕಾದರೆ ಇನ್ನೊಂದು ಮಳೆಗಾಲ ಬರಬೇಕಿತ್ತು.

ನಮ್ಮ ಕಡೆಯ ಇನ್ನೊಂದು ಸಮಸ್ಯೆ ಕರೆಂಟು. ಡ್ರೈವರ್ ಹಾಕುತ್ತಿರುವಾಗ ನಡುವೆ ಕರೆಂಟ್ ಹೋಗಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆರಿಹೋದರೆ ಪ್ಯಾಕೇಜು ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಸಲ ಏನು ಹಾಕಲು ಹೋದರೂ ಡಿಪಿಕೆಜಿ ಒಪ್ಪುವುದಿಲ್ಲ. ಆದರೆ ಅದು ತೋರಿಸುವ ಸಂದೇಶದಲ್ಲೇ ಔಷಧವೂ ಇದೆ: ಕೆಲಸಕ್ಕೆ ಅಡ್ಡಿಯಾಗಿದೆ, ನೀವೇ ಈ ಕಮಾಂಡ್ ಓಡಿಸಿ ಎಂದು ಅಕ್ಷರ ಬಿಡದೆ ಬರೆದಿರುತ್ತದೆ. ಸುಡೊ, ಡಿಪಿಕೆಜಿ, ಎರಡು ಹೈಫನ್, ಕಾನ್ಫಿಗರ್, ಸ್ಪೇಸ್, ಒಂದು ಹೈಫನ್, ಎ. ಅಷ್ಟು ಹೊಡೆದರೆ ಅರ್ಧಕ್ಕೆ ನಿಂತದ್ದನ್ನು ಅದು ಪೂರ್ತಿ ಮಾಡುತ್ತದೆ. ಈ ಒಂದು ಸಾಲನ್ನು ಓದದೆ ಫಾರ್ಮ್ಯಾಟ್ ಹೊಡೆಸಿದವರನ್ನು ಗಂಗಾವತಿಯೊಂದರಲ್ಲೇ ನಾನು ಮೂವರನ್ನು ಬಲ್ಲೆ.

ಹಳೆಯ ಕಾರ್ಡುಗಳ ವಿಷಯದಲ್ಲಿ ಇನ್ನೊಂದು ತಿಳಿದಿರಲಿ. ಹೊಸ ಡ್ರೈವರ್ ಎಂದರೆ ಒಳ್ಳೆಯ ಡ್ರೈವರ್ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಜೀಫೋರ್ಸ್ 400, 500 ಸಾಲಿನ ಕಾರ್ಡುಗಳಿಗೆ 390ನೇ ಸರಣಿಯೇ ಕೊನೆ, 600 ಮತ್ತು 700ರ ಬಹುಪಾಲಿಗೆ 470. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಧಾರಾಳವಾಗಿ ಸಿಗುವ ಜೀಫೋರ್ಸ್ 210ಕ್ಕೆ 340ರ ನಂತರ ಏನೂ ಇಲ್ಲ, ಅದನ್ನು ನೂವೋ ಮೇಲೆ ಬಿಟ್ಟುಬಿಡುವುದೇ ಜಾಣತನ. ಲ್ಯಾಪ್‌ಟಾಪ್ ಕಾರ್ಡುಗಳಲ್ಲಿ ಹೆಸರು ನೋಡಿ ಮೋಸ ಹೋಗುವುದೂ ಉಂಟು. 920ಎಂ ಒಂದು ತಲೆಮಾರು, 920ಎಂಎಕ್ಸ್ ಇನ್ನೊಂದು ತಲೆಮಾರು. ಒಂದು ‘ಎಕ್ಸ್’ ಅಕ್ಷರದಿಂದ ಬೇಕಾದ ಡ್ರೈವರೇ ಬದಲು. ‘ಎಲ್‌ಎಸ್‌ಪಿಸಿಐ’ ಎಂದು ಹೊಡೆದರೆ ಕಾರ್ಡಿನ ಒಳಹೆಸರು ಬರುತ್ತದೆ, ಸ್ಟಿಕ್ಕರ್‌ಗಿಂತ ಅದನ್ನು ನಂಬಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಅದನ್ನೇ ಮತ್ತೆ ಕೇಳುತ್ತದೆ. ಗಾಬರಿಯಾಗಿ ಎಂಟರ್ ಒತ್ತಿ ದಾಟಿಬಿಟ್ಟರೆ ಡ್ರೈವರ್ ಒಳಗಿದ್ದೂ ಏಳುವುದಿಲ್ಲ.

‘ಇಷ್ಟೆಲ್ಲ ತಲೆಬಿಸಿ ಯಾಕೆ, ಇದು ಲಿನಕ್ಸಿನ ಹಣೆಬರಹ’ ಎನ್ನುವವರಿಗೆ 2024ರ ಜುಲೈ 19 ನೆನಪಿಸುತ್ತೇನೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅವನ್ನು ಎಬ್ಬಿಸಲು ಫಾರ್ಮ್ಯಾಟ್ ಹೊಡೆಯುವ ಅಗತ್ಯವಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ, ಡ್ರೈವರ್ ಫೋಲ್ಡರ್‌ನಲ್ಲಿದ್ದ ಒಂದು ಕಡತ ಅಳಿಸಿ, ರೀಸ್ಟಾರ್ಟ್ ಮಾಡುವುದೇ ಪರಿಹಾರವಾಗಿತ್ತು. ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೆಯೂ ಒಬ್ಬರು ಕೂತು ಕೈಯಾರೆ ಮಾಡಬೇಕಾಯಿತು. ಆ ದಿನ ಬೇಕಾಗಿದ್ದು ಕಪ್ಪು ಪರದೆಯ ಮುಂದೆ ಕೈ ನಡುಗದವರು.

ಓದದೆ ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಜಗತ್ತೇ ನೋಡಿದ ಉದಾಹರಣೆ ಇದೆ. 2021ರ ನವೆಂಬರ್‌ನಲ್ಲಿ ಕೆನಡಾದ ಹೆಸರಾಂತ ಯೂಟ್ಯೂಬರ್ ಲಿನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಗೇಮ್ ತಂತ್ರಾಂಶ ಹಾಕಲು ಹೋದರು. ಪ್ಯಾಕೇಜುಗಳ ಆವೃತ್ತಿ ತಾಳೆಯಾಗದ ಕಾರಣ ಏಪಿಟಿ ಇಡೀ ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆ ಎಂದು ಪಟ್ಟಿ ಕೊಟ್ಟಿತು. ಮುಂದುವರಿಯಬೇಕಾದರೆ ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ವಾಕ್ಯವನ್ನು ಟೈಪ್ ಮಾಡಿ ಎಂದಿತು. ಅವರು ಮಾಡಿದರು. ಡೆಸ್ಕ್‌ಟಾಪ್ ಹೋಯಿತು. ತಪ್ಪು ಅವರೊಬ್ಬರದೇ ಅಲ್ಲ. ಒಂದು ಗೇಮ್ ಹಾಕಲು ಬಂದವರ ಮುಂದೆ ಅಂಥ ಬಲೆ ಇಟ್ಟ ಭಂಡಾರದವರದೂ ಹೌದು, ಆಮೇಲೆ ಅದನ್ನು ಸರಿಪಡಿಸಿದರು. ಆದರೂ ‘ತೆಗೆಯಲಾಗುವ ಪ್ಯಾಕೇಜುಗಳು’ ಎಂಬ ಪಟ್ಟಿ ಕಣ್ಣ ಮುಂದೆಯೇ ಇತ್ತಲ್ಲ. ವೈ ಒತ್ತುವ ಮೊದಲು ಆ ಪಟ್ಟಿಯನ್ನು ಬೆರಳಿಟ್ಟು ಓದಿ ಎಂದು ನಾನು ಹೇಳುವುದು ಇದಕ್ಕೇ.

ಅಂಗಡಿಯವರ ಲೆಕ್ಕ ಹೇಳುತ್ತೇನೆ ಅಂದಿದ್ದೆ. ಫಾರ್ಮ್ಯಾಟ್‌ಗೆ 300ರಿಂದ 500 ರೂಪಾಯಿ ಸಿಗುತ್ತದೆ. ಪೆನ್‌ಡ್ರೈವ್ ಹಚ್ಚಿ ಬಿಟ್ಟರೆ ಅದರ ಪಾಡಿಗೆ ಅದು ಆಗುತ್ತದೆ, ಅಷ್ಟರಲ್ಲಿ ನಾಲ್ಕು ಝೆರಾಕ್ಸ್, ಎರಡು ಆನ್‌ಲೈನ್ ಅರ್ಜಿ ಮುಗಿಯುತ್ತವೆ. ಎರಡು ಗಂಟೆ ಕೂತು ದಿನಚರಿ ಓದಿ ಕಾರಣ ಹುಡುಕಿದವರಿಗೆ ಗಿರಾಕಿ ಎಷ್ಟು ಕೊಟ್ಟಾನು? ‘ಬರೇ ಏನೋ ಟೈಪ್ ಮಾಡಿದ್ರಿ, ಅದಕ್ಕ ಐನೂರೇನ್ರಿ?’ ಎನ್ನುತ್ತಾನೆ. ಹಾಗಾಗಿ ಅವರ ಮದ್ದು ಅವರಿಗೆ ಸರಿ. ಕೆಲವೊಮ್ಮೆ ನಮಗೂ ಸರಿಯೇ. ಹಾರ್ಡ್‌ಡಿಸ್ಕ್ ಸಾಯುತ್ತಿದ್ದರೆ, ಅಥವಾ ಒಳಗೆ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲದೆ ನಾಳೆಯೇ ಆನ್‌ಲೈನ್ ಪರೀಕ್ಷೆ ಇದ್ದರೆ ನಾನೂ ಹೊಸದಾಗಿ ಹಾಕಿಬಿಡುತ್ತೇನೆ. ಆಗಲೂ ಮೊದಲು ಲೈವ್ ಪೆನ್‌ಡ್ರೈವ್‌ನಿಂದ ‘ಟ್ರೈ ಉಬುಂಟು’ ಒತ್ತಿ, ಹೋಮ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ನಕಲು ಮಾಡಿಕೊಂಡ ಮೇಲೆ.

ಬೋರ್‌ವೆಲ್ ಮೋಟರ್ ನಿಂತರೆ ನಮ್ಮ ಮನೆಗಳಲ್ಲಿ ಹಿರಿಯರು ಏನು ಮಾಡುತ್ತಾರೆ ಎಂದು ನೆನಪಿಸಿಕೊಳ್ಳಿ. ಹೊಸ ಬೋರ್ ಕೊರೆಸಲು ಓಡುವುದಿಲ್ಲ. ಮೂರೂ ಫೇಸ್ ಬರುತ್ತಿವೆಯೇ, ಫ್ಯೂಜ್ ಹೋಗಿದೆಯೇ, ಸ್ಟಾರ್ಟರ್ ಎತ್ತುತ್ತದೆಯೇ, ಕೇಬಲ್‌ನಲ್ಲಿ ಎಲ್ಲಾದರೂ ಇಲಿ ಕಡಿದಿದೆಯೇ ಎಂದು ಒಂದೊಂದಾಗಿ ನೋಡುತ್ತಾ ಬರುತ್ತಾರೆ. ಶಾಲೆ ಮೆಟ್ಟಿಲು ಹತ್ತದವರೂ ನೋಡುತ್ತಾರೆ. ಆ ಮನೆಯ ಮಕ್ಕಳು ನಾವು, ಎಂಟು ಸೆಮಿಸ್ಟರ್ ಓದಿ ಪರದೆ ಮೇಲಿನ ಎರಡು ಸಾಲು ಓದುವುದಿಲ್ಲ.

ಇಂಗ್ಲಿಷ್ ಅಡ್ಡಿ ಎನ್ನುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ಅದರ ಕಷ್ಟ ಗೊತ್ತು. ಆದರೆ ಈ ಸಂದೇಶಗಳ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ಡಿಪೆಂಡ್ಸ್, ಕಾನ್ಫ್ಲಿಕ್ಟ್ಸ್, ಬ್ರೋಕನ್, ಹೆಲ್ಡ್, ಅನ್‌ಮೆಟ್, ಓವರ್‌ರೈಟ್, ಮಿಸ್‌ಮ್ಯಾಚ್, ಇಂಥ ಇಪ್ಪತ್ತು ಪದಗಳೇ ತಿರುಗಿ ತಿರುಗಿ ಬರುತ್ತವೆ. ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಅಂದರೆ ಬೇಕಾದವರು ಬಂದಿಲ್ಲ. ‘ಹೆಲ್ಡ್’ ಅಂದರೆ ಯಾರೋ ಹಿಡಿದು ನಿಲ್ಲಿಸಿದ್ದಾರೆ. ‘ಟ್ರೈಯಿಂಗ್ ಟು ಓವರ್‌ರೈಟ್’ ಅಂದರೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಲು ಬಂದಿದ್ದಾರೆ, ಯಾರ ಜಾಗ ಎಂದು ಅದೇ ಸಾಲಿನ ಕೊನೆಗೆ ಹೆಸರಿರುತ್ತದೆ. ನೋಟ್‌ಬುಕ್‌ನ ಒಂದು ಪುಟದಲ್ಲಿ ನಿಮ್ಮದೇ ಕನ್ನಡದಲ್ಲಿ ಅರ್ಥ ಬರೆದಿಟ್ಟುಕೊಂಡರೆ ಒಂದು ವಾರದ ಕೆಲಸ.

ಕೆಲಸ ಹುಡುಕುತ್ತಿರುವವರಿಗೆ ಇದರಿಂದ ಏನು ಎಂಬ ಪ್ರಶ್ನೆ ಬರುತ್ತದೆ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳೂ ಲಿನಕ್ಸ್‌ನಲ್ಲೇ ಓಡುತ್ತಿವೆ. ಎಐ ಎಂದು ಎಲ್ಲರೂ ಹೇಳುವ ಕೆಲಸದ ದೊಡ್ಡ ಪಾಲು ಎನ್‌ವಿಡಿಯಾ ಕಾರ್ಡುಗಳ ಮೇಲೆ, ಲಿನಕ್ಸ್ ಸರ್ವರ್‌ಗಳಲ್ಲಿ ನಡೆಯುತ್ತದೆ. ‘ಡ್ರೈವರ್, ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂದು ಯಲಬುರ್ಗಾದ 940ಎಂಎಕ್ಸ್ ತೋರಿಸುವ ಸಂದೇಶವನ್ನೇ ಬೆಂಗಳೂರಿನ ಸರ್ವರ್ ಕೋಣೆಯ ಲಕ್ಷಾಂತರ ರೂಪಾಯಿಯ ಕಾರ್ಡೂ ತೋರಿಸುತ್ತದೆ. ಅಲ್ಲಿ ಫಾರ್ಮ್ಯಾಟ್ ಹೊಡೆಯುತ್ತೇನೆ ಎಂದರೆ ಮರುದಿನ ಬರಬೇಡ ಎನ್ನುತ್ತಾರೆ. ಪರಿಚಯದ ಹುಡುಗಿಯೊಬ್ಬಳು ಸಿಸ್ಟಂ ಅಡ್ಮಿನ್ ಕೆಲಸದ ಸಂದರ್ಶನಕ್ಕೆ ಹೋದಾಗ ಕೇಳಿದ್ದು ಒಂದೇ ದೊಡ್ಡ ಪ್ರಶ್ನೆಯಂತೆ: ಅಪ್‌ಡೇಟ್ ಆದ ಮೇಲೆ ಯಂತ್ರ ಏಳುತ್ತಿಲ್ಲ, ಮೊದಲು ಏನು ನೋಡುತ್ತೀರಿ? ‘ಹಳೇ ಕರ್ನೆಲ್‌ನಿಂದ ಎಬ್ಬಿಸಿ, ಹಿಸ್ಟರಿ ಲಾಗ್ ನೋಡ್ತೀನಿ’ ಅಂದಳಂತೆ. ಕುಷ್ಟಗಿಯ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಮೇಲೆ ಅದನ್ನೇ ನಾಲ್ಕು ಸಲ ಮಾಡಿದ್ದವಳು ಅವಳು. ಈಗ ಅಲ್ಲೇ ಕೆಲಸದಲ್ಲಿದ್ದಾಳೆ.

ಕಾಲೇಜಿನಲ್ಲಿ ಲಿನಕ್ಸ್ ಲ್ಯಾಬ್ ಇದೆ. ಕಡತ ಪಟ್ಟಿ ಮಾಡುವುದು, ನಕಲು ಮಾಡುವುದು, ಅನುಮತಿ ಬದಲಿಸುವುದು, ಇವನ್ನು ರೆಕಾರ್ಡ್ ಬುಕ್‌ನಲ್ಲಿ ಎಡಪುಟಕ್ಕೆ ಔಟ್‌ಪುಟ್, ಬಲಪುಟಕ್ಕೆ ಪ್ರೋಗ್ರಾಂ ಎಂದು ಚಂದಗೆ ಬರೆದು ಸಹಿ ಹಾಕಿಸುತ್ತೇವೆ. ಎಲ್ಲ ಯಂತ್ರಗಳೂ ಸರಿ ಇರುವ ಲ್ಯಾಬ್‌ನಲ್ಲಿ ಟ್ರಬಲ್‌ಶೂಟಿಂಗ್ ಕಲಿಯುವುದಾದರೂ ಹೇಗೆ? ಪ್ರತಿ ಲ್ಯಾಬ್‌ನ ಮೂಲೆಯಲ್ಲಿ ಒಂದು ಯಂತ್ರವನ್ನು ಕೆಡಿಸಲಿಕ್ಕೆಂದೇ ಇಡಬೇಕು. ಗುಜರಿಗೆ ಹೋಗಬೇಕಿದ್ದ ಡೆಸ್ಕ್‌ಟಾಪ್, ಅದರಲ್ಲಿ ಹಳೇ ಎನ್‌ವಿಡಿಯಾ ಕಾರ್ಡ್. ಸೋಮವಾರ ಒಂದು ತಂಡ ಅದರಲ್ಲಿ ಎರಡು ಡ್ರೈವರ್ ಬೆರೆಸಿ ಕೆಡಿಸಲಿ, ಬುಧವಾರ ಇನ್ನೊಂದು ತಂಡ ಮೊಬೈಲ್ ಮುಟ್ಟದೆ, ಫಾರ್ಮ್ಯಾಟ್ ಹೊಡೆಯದೆ ಎಬ್ಬಿಸಲಿ. ಕೆಡಿಸಿದವರು ಏನು ಮಾಡಿದ್ದರು ಎಂಬುದನ್ನು ದಿನಚರಿಯಿಂದ ಓದಿ ಹೇಳಿದವರಿಗೆ ಪೂರ್ತಿ ಅಂಕ. ಇದಕ್ಕೆ ಹೊಸ ಅನುದಾನ ಬೇಡ, ಸ್ಟಾಕ್ ರಿಜಿಸ್ಟರ್‌ನಲ್ಲಿ ಇರುವ ಯಂತ್ರ ಕೆಟ್ಟರೆ ಯಾರು ಹೊಣೆ ಎಂಬ ಭಯ ಬಿಟ್ಟರೆ ಸಾಕು.

ಜೀಫೋರ್ಸ್ 210 ಒಂದು, ಜಿಟಿ 710 ಒಂದು ನನ್ನ ಹತ್ತಿರ ಧೂಳು ಹಿಡಿದು ಕೂತಿವೆ. ಕೊಪ್ಪಳ ಜಿಲ್ಲೆಯ ಯಾವ ಕಾಲೇಜಿನ ಲ್ಯಾಬ್‌ನವರು ಕೇಳಿದರೂ ತಂದು ಹಚ್ಚಿಕೊಡುತ್ತೇನೆ, ಮೊದಲ ಸಲ ಕೆಡಿಸಿಯೂ ಕೊಡುತ್ತೇನೆ.